ಮಗನಿಗೆ 18 ತುಂಬಿತು, ಕಾರಿನ ಇನ್ಶೂರೆನ್ಸ್ ಜಾಸ್ತಿ ಆಗುತ್ತಾ?

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಪಿಯುಸಿ ಮುಗಿಸಿದ ಮಕ್ಕಳು ಕಾಲೇಜು ಸೇರುವ ಹೊತ್ತು, ಕಾರಿನ ಕೀ ಯಾರ ಕೈಯಲ್ಲಿರಬೇಕು ಅನ್ನುವ ಮಾತು ಮನೆಮನೆಯಲ್ಲೂ ಎದ್ದಿರಬೇಕು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇದನ್ನೇ ಎತ್ತಿಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಹೆಚ್ಚು, ಅದಕ್ಕೆ ಊರಷ್ಟೇ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಮನೆ ಸಾಲಗಾಮೆ ರಸ್ತೆ ಕಡೆ. 1197 ಸಿಸಿ ಕಾರಿದೆ, ನನ್ನ ಹೆಸರಲ್ಲೇ ಇದೆ, ತಗೊಂಡು ಮೂರು ವರ್ಷ ಆಯ್ತು, ಇದುವರೆಗೆ ಒಂದು ಕ್ಲೈಮೂ ಮಾಡಿಲ್ಲ. ಮಗನಿಗೆ ಹೋದ ತಿಂಗಳು 18 ತುಂಬಿತು. ಷಿಕಾಗೋದಲ್ಲಿರೋ ನನ್ನ ತಂಗಿ ತನ್ನ 16ರ ಮಗನ ಹೆಸರು ಸೇರಿಸಿದ ತಕ್ಷಣ ಅವರ ಇನ್ಶೂರೆನ್ಸ್ ಸಿಕ್ಕಾಪಟ್ಟೆ ಏರಿತಂತೆ. ಪಕ್ಕದ ಮನೆಯವರು, ‘ಹುಡುಗ ಓಡಿಸ್ತಾನೆ ಅಂತ ಕಂಪನಿಗೆ ಗೊತ್ತಾದ್ರೆ ಡಬಲ್ ಮಾಡ್ತಾರೆ, ನಮಗೂ ಹಾಗೇ ಆಯ್ತು, ಹೇಳಲೇಬೇಡಿ’ ಅಂತಾರೆ. ಹೇಳಬೇಕಾ, ಬೇಡ್ವಾ? ಎಷ್ಟು ಜಾಸ್ತಿ ಆಗುತ್ತೆ? (ಹಾಸನ)

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಮಗ ಸ್ಟೀರಿಂಗ್ ಹಿಡಿದ ಅನ್ನುವ ಒಂದೇ ಕಾರಣಕ್ಕೆ ನಿಮ್ಮ ಪ್ರೀಮಿಯಂ ಡಬಲ್ ಆಗುವುದಿಲ್ಲ.

ನಿಮ್ಮ ತಂಗಿ ಹೇಳಿದ್ದು ನಿಜ, ಆದರೆ ಅಲ್ಲಿಯ ಲೆಕ್ಕವೇ ಬೇರೆ. ಅಮೆರಿಕದಲ್ಲಿ ಕಂಪನಿಯವರು ಓಡಿಸುವವರನ್ನು ನೋಡಿ ದರ ಹಾಕುತ್ತಾರೆ. ಮನೆಯಲ್ಲಿ ಯಾರ್ಯಾರಿಗೆ ಲೈಸೆನ್ಸ್ ಇದೆ, ವಯಸ್ಸೆಷ್ಟು, ಎಷ್ಟು ವರ್ಷದಿಂದ ಓಡಿಸುತ್ತಿದ್ದಾರೆ, ಎಷ್ಟು ಸಲ ದಂಡ ಬಿದ್ದಿದೆ, ಕಾರು ರಾತ್ರಿ ನಿಲ್ಲುವುದು ಊರಿನ ಯಾವ ಭಾಗದಲ್ಲಿ, ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಊರಲ್ಲಿ ಗುದ್ದಾಟ, ಕಳ್ಳತನ ಎರಡೂ ಜಾಸ್ತಿ, ಹಾಗಾಗಿ ದರವೂ ಜಾಸ್ತಿ. ಅದರ ಮೇಲೆ 16ರ ಹುಡುಗ ಬೇರೆ. ಅಲ್ಲಿಯ ಲೆಕ್ಕದಲ್ಲಿ, ಓಡಿಸಿದ ಪ್ರತಿ ಮೈಲಿಗೆ ನೋಡಿದರೆ, 16ರಿಂದ 19ರ ಮಕ್ಕಳು ಸಾವಾಗುವಂಥ ಅಪಘಾತಗಳಲ್ಲಿ ಸಿಕ್ಕಿಕೊಳ್ಳುವುದು 20 ದಾಟಿದವರಿಗಿಂತ ಸುಮಾರು 3 ಪಟ್ಟು ಹೆಚ್ಚು. ತಂಗಿಗೆ ಎರಡು ವಿಷಯ ತಿಳಿಸಿ. ಹುಡುಗನಿಗೆ ಶಾಲೆಯಲ್ಲಿ ಸರಾಸರಿ ‘ಬಿ’ ಗ್ರೇಡ್ ಇದ್ದರೆ ಅನೇಕ ಕಂಪನಿಗಳು ರಿಯಾಯಿತಿ ಕೊಡುತ್ತವೆ. ಮತ್ತೆ, ಅವನಿಗೇ ಬೇರೆ ಪಾಲಿಸಿ ಮಾಡಿಸುವುದಕ್ಕಿಂತ ಅಪ್ಪ ಅಮ್ಮನ ಪಾಲಿಸಿಗೆ ಸೇರಿಸುವುದೇ ಸಾಮಾನ್ಯವಾಗಿ ಅಗ್ಗ. ಹೇಗೂ ಆಕೆ ಅದನ್ನು ಮಾಡಿದ್ದಾರೆ.

ನಮ್ಮಲ್ಲಿ ಪಾಲಿಸಿ ಬರೆಯುವುದು ಕಾರಿನ ಮೇಲೆ. ನಿಮ್ಮ ಪಾಲಿಸಿ ಕಾಗದವನ್ನು ಡ್ಯಾಶ್‌ಬೋರ್ಡಿನಿಂದ ತೆಗೆದು ಮುಂದಿಟ್ಟುಕೊಳ್ಳಿ, ಒಟ್ಟಿಗೇ ಓದೋಣ.

ಬಲಗಡೆ ಥರ್ಡ್ ಪಾರ್ಟಿ ಅಥವಾ ಲಯಬಿಲಿಟಿ ಅಂತ ಒಂದು ಮೊತ್ತ ಇರುತ್ತದೆ. ಇದು ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ. ಇದರ ದರ ಸರ್ಕಾರವೇ ಗೊತ್ತುಮಾಡುವುದು, ಯಾವ ಕಂಪನಿಗೆ ಹೋದರೂ ಒಂದೇ. 2022ರ ಜೂನ್ 1ರಿಂದ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಕಾರಿಗೆ 2,094 ರೂಪಾಯಿ, 1000ದಿಂದ 1500 ಸಿಸಿಗೆ 3,416, ಅದಕ್ಕೂ ಮೇಲಿನದಕ್ಕೆ 7,897. ಓಡಿಸುವವರ ವಯಸ್ಸು ಅಂತ ಕಾಲಂ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. 60ರ ಅಜ್ಜ ಓಡಿಸಿದರೂ ಅಷ್ಟೇ, 18ರ ಮೊಮ್ಮಗ ಓಡಿಸಿದರೂ ಅಷ್ಟೇ.

ಪಕ್ಕದ ಮನೆಯವರಿಗೆ ಏನಾಗಿರಬಹುದು ಅಂತ ನನಗೆ ಅನ್ನಿಸುವುದು ಇಷ್ಟು. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ, 2022ರ ಪಟ್ಟಿಯಂತೆ ನಿಮ್ಮಂಥ ಕಾರಿಗೆ ಅದು 10,640 ರೂಪಾಯಿ. ಶೋರೂಂ ಬಿಲ್ಲಿನಲ್ಲಿ ಅದು ಸೇರಿಹೋಗಿರುತ್ತದೆ, ಯಾರೂ ಗಮನಿಸುವುದಿಲ್ಲ. ಆಮೇಲೆ ಎರಡು ವರ್ಷ ಬರೀ ಸ್ವಂತ ಕಾರಿನ ಹಾನಿಯ ಭಾಗ ಕಟ್ಟುತ್ತೀರಿ. ನಾಲ್ಕನೇ ವರ್ಷಕ್ಕೆ ಥರ್ಡ್ ಪಾರ್ಟಿ ಮತ್ತೆ ಸೇರಿಕೊಂಡು ಬಿಲ್ ದಿಢೀರ್ ಅಂತ ಏರುತ್ತದೆ. ಅದೇ ವರ್ಷ ಮಗನಿಗೂ 18 ಆಗಿದ್ದರೆ ತಪ್ಪು ಹುಡುಗನ ತಲೆಗೆ ಬರುತ್ತದೆ. ನಿಮಗೂ ಈ ವರ್ಷ ಹಾಗೇ ಕಾಣುತ್ತದೆ, ಗಾಬರಿಯಾಗಬೇಡಿ.

ಎಡಗಡೆ ಇರುವುದು ನಿಮ್ಮ ಕಾರಿಗೇ ಆಗುವ ಹಾನಿಯ ಭಾಗ, ಓಡಿ (OD, ಓನ್ ಡ್ಯಾಮೇಜ್) ಅಂತ ಬರೆದಿರುತ್ತಾರೆ. ಇದು ಕಾರಿನ ಬೆಲೆ, ವಯಸ್ಸು, ಸಿಸಿ, ನೋಂದಣಿ ಆದ ಊರಿನ ಮೇಲೆ ನಿಲ್ಲುತ್ತದೆ. ಬೆಲೆ ಅಂದರೆ ಐಡಿವಿ, ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಈಗಿನ ಬೆಲೆ. ಮೂರು ವರ್ಷ ದಾಟಿದ ಕಾರಿಗೆ ಶೋರೂಂ ಬೆಲೆಯಲ್ಲಿ ಶೇ 40 ಕಳೆದು ಹಾಕುತ್ತಾರೆ. ನಿಮ್ಮ ಕಾರಿನ ಐಡಿವಿ 4 ಲಕ್ಷ ಅಂತ ಇಟ್ಟುಕೊಳ್ಳಿ. ಹಿಂದೆ ಎಲ್ಲ ಕಂಪನಿಗೂ ಒಂದೇ ಆಗಿದ್ದ ಹಳೆಯ ಟ್ಯಾರಿಫ್ ಪಟ್ಟಿಯಂತೆ ಓಡಿ 12,764 ರೂಪಾಯಿ ಆಗುತ್ತದೆ, ಆದರೆ ಈಗ ಕಂಪನಿಗಳು ಅದರಲ್ಲಿ ತಮ್ಮ ತಮ್ಮ ರಿಯಾಯಿತಿ ಕೊಡುತ್ತವೆ, ಆ ರಿಯಾಯಿತಿಯಲ್ಲೇ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ. ಎಲ್ಲ ಕಳೆದು 6,000ಕ್ಕೆ ಬಂತು ಅನ್ನೋಣ. ಮೂರು ವರ್ಷ ಕ್ಲೈಮ್ ಮಾಡದ್ದಕ್ಕೆ ಶೇ 35 ನೋ ಕ್ಲೈಮ್ ಬೋನಸ್, ಅಂದರೆ 2,100 ಹೋಯಿತು. ಉಳಿದದ್ದು 3,900. ಅದಕ್ಕೆ 3,416 ಸೇರಿಸಿ, ಶೇ 18 ಜಿಎಸ್‌ಟಿ ಹಾಕಿ. ಸುಮಾರು 8,630 ರೂಪಾಯಿ. ಇದರಲ್ಲಿ ಎಲ್ಲೂ ನಿಮ್ಮ ಮಗ ಇಲ್ಲ, ನೋಡಿ.

ಅವನು ಬರುವುದು ಬೋನಸ್ ಮೇಲೆ. ಹೊಸದಾಗಿ ಕಲಿತವರು ಗೇಟಿಗೆ ಒರೆಸುತ್ತಾರೆ, ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸುತ್ತಾರೆ, ಸಂತೆಪೇಟೆಯ ಇಕ್ಕಟ್ಟಿನಲ್ಲಿ ಆಟೋಗೆ ಕನ್ನಡಿ ಉಜ್ಜುತ್ತಾರೆ. ಹಿಂದಿನ ಬಂಪರ್ ಒಡೆದು 6,000 ಬಿಲ್ ಆಯಿತು ಅನ್ನಿ, ಅದರಲ್ಲಿ ಬಂಪರ್ 4,000, ಕೂಲಿ ಮತ್ತು ಪೇಂಟ್ 2,000. ಪ್ಲಾಸ್ಟಿಕ್ ಭಾಗಕ್ಕೆ ಶೇ 50 ಸವಕಳಿ ಕಳೆಯುತ್ತಾರೆ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ 1,000 ನೀವೇ ಹಾಕಬೇಕು. ಕೈಗೆ ಬರುವುದು ಹೆಚ್ಚೆಂದರೆ 3,000. ಆದರೆ ಕ್ಲೈಮ್ ಮಾಡಿದ್ದರಿಂದ ಮುಂದಿನ ವರ್ಷ ಶೇ 45 ಆಗಬೇಕಿದ್ದ ಬೋನಸ್ ಸೊನ್ನೆ ಆಗುತ್ತದೆ. ಅಲ್ಲಿಗೆ ಜಿಎಸ್‌ಟಿ ಸೇರಿ ಸುಮಾರು 3,180 ಹೋಯಿತು. ಅದರ ಮುಂದಿನ ವರ್ಷವೂ ಶೇ 50ರ ಬದಲು ಶೇ 20ರಿಂದ ಮತ್ತೆ ಶುರು. ಇಂಥ ಸಣ್ಣ ಡೆಂಟಿಗೆ ಗ್ಯಾರೇಜಿನವರು ‘ಇನ್ಶೂರೆನ್ಸ್‌ನಲ್ಲಿ ಮಾಡಿಸಿಬಿಡಿ ಸಾರ್’ ಅಂದರೆ ಒಪ್ಪಬೇಡಿ, ಕೈಯಿಂದಲೇ ಕೊಡಿ. ಬಂಪರ್ ಟು ಬಂಪರ್ ಅನ್ನುವ ಹೆಚ್ಚುವರಿ ಕವರ್ ತೆಗೆದುಕೊಂಡರೆ ಸವಕಳಿ ಕಳೆಯುವುದಿಲ್ಲ, ಮಗ ಓಡಿಸುವ ಮೊದಲೆರಡು ವರ್ಷಕ್ಕೆ ಅದು ಇರಲಿ ಅನ್ನುವುದು ನನ್ನ ಅಭಿಪ್ರಾಯ, ಆದರೆ ಕ್ಲೈಮ್ ಮಾಡಿದರೆ ಬೋನಸ್ ಹೋಗುವುದು ಆಗಲೂ ತಪ್ಪುವುದಿಲ್ಲ.

ಇನ್ನು, ಹೇಳಬೇಕಾ ಅನ್ನುವುದಕ್ಕೆ. ಪಾಲಿಸಿ ಮಾಡಿಸುವಾಗ ತುಂಬುವ ಪ್ರಪೋಸಲ್ ಫಾರಂನಲ್ಲಿ ಯಾರು ಓಡಿಸುತ್ತಾರೆ ಅಂತ ಕೇಳಿದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಮುಚ್ಚಿಟ್ಟು ಉಳಿಸುವಂಥದ್ದು ಅಲ್ಲಿ ಏನೂ ಇಲ್ಲ. ಪಾಲಿಸಿಯಲ್ಲಿ ಡ್ರೈವರ್ ಕ್ಲಾಜ್ (ಯಾರು ಓಡಿಸಬಹುದು ಅನ್ನುವ ಷರತ್ತು) ಅಂತ ಒಂದು ಸಾಲಿದೆ, ಅದಕ್ಕೆ ಪೆನ್ನಿನಿಂದ ಗೆರೆ ಎಳೆಯಿರಿ: ಅಪಘಾತದ ಹೊತ್ತಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದ ಯಾರು ಬೇಕಾದರೂ ಓಡಿಸಬಹುದು. ನಿಮ್ಮ ಮಗನ ವಿಷಯದಲ್ಲಿ ಎಲ್ಲವೂ ನಿಂತಿರುವುದು ಆ ಸಾಲಿನ ಮೇಲೆ.

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ ಈಗ 17 ವರ್ಷ ನಾಲ್ಕು ತಿಂಗಳು. ಕಾರು ಚೆನ್ನಾಗೇ ಓಡಿಸ್ತಾನೆ. ಸಂಜೆ ಟ್ಯೂಷನ್‌ಗೆ ಕಾರಲ್ಲೇ ಹೋಗ್ತಾನೆ. ನಾನು ಬೇಡ ಅಂದರೆ ಮನೆಯವರು, ‘ಫುಲ್ ಇನ್ಶೂರೆನ್ಸ್ ಇದೆ, ಏನಾದ್ರೂ ಆದ್ರೆ ಕಂಪನಿ ನೋಡ್ಕೊಳ್ಳುತ್ತೆ, ಎಂಟು ತಿಂಗಳಿಗೆ ಏನು’ ಅಂತಾರೆ. ನನಗೆ ಅವನು ವಾಪಸ್ ಬರೋವರೆಗೆ ಜೀವ ಇರಲ್ಲ. (ಚಿಕ್ಕಮಗಳೂರು)

ಉತ್ತರ: ಇವತ್ತು ಸಂಜೆಯೇ ಕೀ ತೆಗೆದಿಡಿ ತಾಯಿ. ಈ ಕಾಗದವನ್ನು ನಿಮ್ಮ ಮನೆಯವರಿಗೆ ಓದಲು ಕೊಡಿ, ಇಲ್ಲಿಂದ ಮುಂದೆ ನಾನು ಅವರಿಗೇ ಹೇಳುತ್ತೇನೆ.

ಅಣ್ಣಾ, 18 ತುಂಬದೆ ಕಾರಿನ ಲೈಸೆನ್ಸ್ ಇಲ್ಲ, ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಕೂಡ ಇಲ್ಲ. ಲೈಸೆನ್ಸ್ ಇಲ್ಲದವರು ಓಡಿಸಿ ಅಪಘಾತವಾದರೆ ನಿಮ್ಮ ಕಾರಿನ ರಿಪೇರಿಗೆ ಕಂಪನಿ ಒಂದು ರೂಪಾಯಿ ಕೊಡುವುದಿಲ್ಲ, ಪಾಲಿಸಿ ಎಷ್ಟು ‘ಫುಲ್’ ಆಗಿದ್ದರೂ ಅಷ್ಟೇ. ಪೆಟ್ಟು ತಿಂದ ಬೇರೆಯವರಿಗೆ ಪರಿಹಾರ ಸಿಗುತ್ತದಲ್ಲ ಅಂತ ಕೇಳಬಹುದು. ಸುಪ್ರೀಂ ಕೋರ್ಟ್ 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿದ ರೀತಿಯಲ್ಲಿ, ಕಂಪನಿ ಮೊದಲು ಅವರಿಗೆ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಅಂತ ನ್ಯಾಯಮಂಡಳಿ ಆದೇಶ ಮಾಡಬಹುದು. ಮಾಲೀಕರು ಅಂದರೆ ನೀವು.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಅಂತ ಒಂದು ಕಲಂ ಸೇರಿತು. ಅಪ್ರಾಪ್ತರು ವಾಹನ ಓಡಿಸಿ ತಪ್ಪು ಮಾಡಿದರೆ ತಂದೆ ತಾಯಿ ಅಥವಾ ಮಾಲೀಕರೇ ತಪ್ಪಿತಸ್ಥರು. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು. ಮತ್ತೆ ಆ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ನನಗೆ ಗೊತ್ತೇ ಇರಲಿಲ್ಲ, ಇಲ್ಲವೇ ತಡೆಯಲು ಎಲ್ಲ ಎಚ್ಚರಿಕೆ ವಹಿಸಿದ್ದೆ ಅಂತ ಸಾಬೀತು ಮಾಡಿದರೆ ಮಾತ್ರ ನೀವು ಪಾರು. ದಿನಾ ಸಂಜೆ ಗೇಟು ತೆಗೆದು ಕಳಿಸುವವರು ಅದನ್ನು ಹೇಗೆ ಸಾಬೀತು ಮಾಡುತ್ತೀರಿ? ಎಂಟು ತಿಂಗಳು ತಡೆಯಲಾರದೆ ಏಳು ವರ್ಷ ಕಳೆದುಕೊಂಡ ಹಾಗೆ.

ನಾನು ಕ್ಲೈಮ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾಗಿನ ಒಂದು ಫೈಲು ನನಗೆ ಇನ್ನೂ ಮರೆತಿಲ್ಲ. ತಂದೆ ಒಬ್ಬರೇ ಬಂದಿದ್ದರು. ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ಆರ್‌ಸಿ, ಪಾಲಿಸಿ, ಮಗನ ಲೈಸೆನ್ಸಿನ ಜೆರಾಕ್ಸ್, ಎಫ್ಐಆರ್ ಪ್ರತಿ, ಎಲ್ಲವನ್ನೂ ಕ್ರಮವಾಗಿ ಜೋಡಿಸಿ ಪಿನ್ ಹಾಕಿ ತಂದಿದ್ದರು. ಅಪಘಾತ ಆಗಿದ್ದು ಮಂಗಳವಾರ. ಲೈಸೆನ್ಸ್ ಕೊಟ್ಟ ತಾರೀಕು ಗುರುವಾರದ್ದು. ಮಂಗಳವಾರ ಎಲ್‌ಎಲ್ ಇತ್ತು, ಆದರೆ ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಯಾರೂ ಕೂತಿರಲಿಲ್ಲ, ಎಲ್ ಬೋರ್ಡೂ ಇರಲಿಲ್ಲ. ನನ್ನ ಬೆರಳು ಆ ತಾರೀಕಿನ ಮೇಲೆ ನಿಂತದ್ದನ್ನು ಅವರು ನೋಡಿದರು. ಏನೂ ಮಾತಾಡಲಿಲ್ಲ. ಕವರಿನ ತುದಿಯನ್ನು ಮಡಿಸುತ್ತಾ ಬಿಡಿಸುತ್ತಾ ಕೂತಿದ್ದರು. ಕಾರಿನ ಕ್ಲೈಮ್ ತಿರಸ್ಕಾರವಾಯಿತು. ಸ್ಕೂಟರಿನಲ್ಲಿದ್ದವರ ಕಾಲು ಮುರಿದಿತ್ತು, ಅವರ ಕೇಸು ಕೆಲವು ವರ್ಷ ನಡೆದು ಪರಿಹಾರದ ಹಣ ಕೊನೆಗೆ ಈ ತಂದೆಯ ಮೇಲೇ ಬಂತು. ಎರಡು ದಿನ, ಅಷ್ಟೇ. ನಿಮ್ಮದು ಎಂಟು ತಿಂಗಳು.

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಮಗಳಿಗೆ 16. ತೋಟದ ಒಳಗೆ ಕಣದಿಂದ ಲೈನ್ ಮನೆವರೆಗೆ ಜೀಪು ಓಡಿಸ್ತಾಳೆ. ನಮ್ಮ ಸ್ವಂತ ಜಾಗ, ಗೇಟು ದಾಟಲ್ಲ. ಇದಕ್ಕೂ ಲೈಸೆನ್ಸ್ ಬೇಕಾ?

ಉತ್ತರ: ಮಲೆನಾಡಿನಲ್ಲಿ ಜೀಪು ಕಲಿತವರಲ್ಲಿ ಮುಕ್ಕಾಲು ಪಾಲು ಜನ ಕಲಿತದ್ದು ಹೀಗೇ. ಅದಕ್ಕೆ ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರ ಹೇಳುತ್ತೇನೆ.

ಕಾಯ್ದೆಯಲ್ಲಿರುವ ವಯಸ್ಸಿನ ಮಾತು ಸಾರ್ವಜನಿಕ ಸ್ಥಳಕ್ಕೆ ಸಂಬಂಧಿಸಿದ್ದು. ಸಾರ್ವಜನಿಕ ಸ್ಥಳ ಅಂದರೆ ಜನರಿಗೆ ಹೋಗಿಬರುವ ಹಕ್ಕಿರುವ ಜಾಗ. ನಿಮ್ಮ ಕಣ ಅದಲ್ಲ, ಸರಿ. ಆದರೆ ಎಷ್ಟೋ ತೋಟಗಳ ನಡುವೆ ಊರಿನ ದಾರಿ ಹಾದುಹೋಗುತ್ತದೆ, ಪಕ್ಕದ ಹಳ್ಳಿಯವರು ಓಡಾಡುತ್ತಾರೆ, ಶಾಲೆ ಮಕ್ಕಳು ಬರುತ್ತಾರೆ. ಆ ದಾರಿ ಖಾಸಗಿ ಅಂತ ನೀವು ಹೇಳಿದ ಮಾತ್ರಕ್ಕೆ ಆಗುವುದಿಲ್ಲ.

ಎರಡನೆಯದು ಇನ್ನೂ ಮುಖ್ಯ. ಪಾಲಿಸಿಯ ಡ್ರೈವರ್ ಕ್ಲಾಜ್‌ನಲ್ಲಿ ಗೇಟಿನ ಒಳಗೆ, ಹೊರಗೆ ಅಂತ ಇಲ್ಲ. ಓಡಿಸುವವರಿಗೆ ಲೈಸೆನ್ಸ್ ಇರಬೇಕು, ಅಷ್ಟೇ. ಕೊಯ್ಲಿನ ಹೊತ್ತಲ್ಲಿ ಕಣದ ತುಂಬ ಜನ ಇರುತ್ತಾರೆ. ರಾಶಿ ಹಾಕಿದ ಹಣ್ಣಿನ ಹಿಂದೆ ಕೂತು ಕೆಲಸ ಮಾಡುವವರು, ಅವರ ಪುಟ್ಟ ಮಕ್ಕಳು ಜೀಪಿನ ಸೀಟಿನಿಂದ ಕಾಣುವುದಿಲ್ಲ. ಏನಾದರೂ ಆದರೆ ಅವರ ಆಸ್ಪತ್ರೆ ಖರ್ಚು, ಪರಿಹಾರ ಎಲ್ಲ ನಿಮ್ಮ ತಲೆ ಮೇಲೆ ಬರಬಹುದು. ಮಗಳು ಕಲಿಯಲಿ, ಹೆಣ್ಣುಮಕ್ಕಳು ಜೀಪು ಓಡಿಸಿದರೆ ನನಗೆ ತುಂಬ ಸಂತೋಷ. ಇನ್ನೆರಡು ವರ್ಷ ನಿಮ್ಮ ಪಕ್ಕದ ಸೀಟಿನಲ್ಲಿ ಕೂತು ಇಳಿಜಾರಿನಲ್ಲಿ ಯಾವ ಗೇರು, ಕೆಸರಲ್ಲಿ ಚಕ್ರ ಹೂತರೆ ಏನು ಮಾಡಬೇಕು ಅಂತ ನೋಡಿಕೊಳ್ಳಲಿ.

ಪ್ರಶ್ನೆ: ಮಗ ಬೆಂಗಳೂರಲ್ಲಿ ಡಿಗ್ರಿ ಸೇರಿದ್ದಾನೆ, ವಯಸ್ಸು 19, ಲೈಸೆನ್ಸ್ ಇದೆ. ನಮ್ಮ ಕೆಎ 18 ಕಾರನ್ನೇ ಕಳಿಸಲಾ, ಅವನ ಹೆಸರಲ್ಲೇ ಒಂದು ಸೆಕೆಂಡ್ ಹ್ಯಾಂಡ್ ತಗೊಳ್ಳಲಾ? ಯಾವುದಕ್ಕೆ ಇನ್ಶೂರೆನ್ಸ್ ಕಡಿಮೆ? (ಚಿಕ್ಕಮಗಳೂರು)

ಉತ್ತರ: ಇನ್ಶೂರೆನ್ಸ್ ಲೆಕ್ಕದಲ್ಲಿ ನಿಮ್ಮದೇ ಕಳಿಸುವುದು ವಾಸಿ. ಓಡಿ ದರಕ್ಕೆ ದೇಶವನ್ನು ಎರಡು ವಲಯ ಮಾಡಿದ್ದಾರೆ. ಬೆಂಗಳೂರು, ಮುಂಬೈ, ಚೆನ್ನೈಯಂಥ 8 ದೊಡ್ಡ ಊರುಗಳು ಎ ವಲಯ, ಉಳಿದದ್ದೆಲ್ಲ ಬಿ. ನಮ್ಮ ಹಾಸನ, ಚಿಕ್ಕಮಗಳೂರು ಬಿ ವಲಯ. ಆದರೆ ಇದು ಭಾರಿ ವ್ಯತ್ಯಾಸ ಅಂದುಕೊಳ್ಳಬೇಡಿ. 5 ಲಕ್ಷ ಐಡಿವಿಯ, ಐದು ವರ್ಷದೊಳಗಿನ 1200 ಸಿಸಿ ಕಾರಿಗೆ ಟ್ಯಾರಿಫ್ ಪಟ್ಟಿಯಲ್ಲಿ ಎ ವಲಯಕ್ಕೆ 16,415, ಬಿ ವಲಯಕ್ಕೆ 15,955. 460 ರೂಪಾಯಿ. ವಲಯ ನೋಡುವುದು ನೋಂದಣಿ ಆದ ಜಾಗದಿಂದ, ಪಾಲಿಸಿ ಮಾತ್ರ ದೇಶದಲ್ಲೆಲ್ಲ ನಡೆಯುತ್ತದೆ.

ಹೆಚ್ಚು ಹಣ ಇರುವುದು ಬೋನಸ್‌ನಲ್ಲಿ. ಅದು ನಿಮ್ಮದು, ಕಾರಿನದಲ್ಲ, ಮಗನ ಹೆಸರಿಗೆ ಕೊಡಲು ಬರುವುದಿಲ್ಲ. ಅವನ ಹೆಸರಲ್ಲಿ ತೆಗೆದುಕೊಂಡರೆ ಅವನದು ಸೊನ್ನೆಯಿಂದ ಶುರು. ಮುಂದೆ ನಿಮ್ಮ ಕಾರು ಮಾರಿದರೆ ಬೋನಸ್ ಪತ್ರ ಕೇಳಿ ಪಡೆಯಿರಿ, 3 ವರ್ಷದೊಳಗೆ ನೀವು ಇನ್ನೊಂದು ಕಾರು ತೆಗೆದುಕೊಂಡರೆ ಬಳಸಬಹುದು. ಪಾಲಿಸಿ ಮುಗಿದ ಮೇಲೆ 90 ದಿನ ದಾಟಿಸಿದರೆ ಬೋನಸ್ ಹೋಯಿತು ಅಂತಲೇ ಲೆಕ್ಕ.

ಒಂದು ವಿಷಯ ಮಾತ್ರ ಗಮನವಿಟ್ಟು ಓದಿ. ಪಾಲಿಸಿಯಲ್ಲಿರುವ 15 ಲಕ್ಷದ ಅಪಘಾತ ವಿಮೆ ಮಾಲೀಕರಾದ ನಿಮಗೆ. ನಿಮ್ಮ ಕಾರು ಓಡಿಸುತ್ತಿರುವ ಮಗನಿಗೆ ಅದು ಸಿಗುವುದಿಲ್ಲ. ಅವನದೇ ತಪ್ಪಿನಿಂದ ಅವನಿಗೇ ಪೆಟ್ಟಾದರೆ ಥರ್ಡ್ ಪಾರ್ಟಿಯಿಂದಲೂ ಸಿಗುವುದಿಲ್ಲ, ಯಾಕೆಂದರೆ ಕಾರು ಎರವಲು ತೆಗೆದುಕೊಂಡು ಓಡಿಸುವವರು ಮಾಲೀಕರ ಜಾಗದಲ್ಲಿ ನಿಂತ ಹಾಗೆ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಕೀ ಕೊಡುವ ಮೊದಲು ಅವನ ಹೆಸರಿಗೆ ಬೇರೆಯದೇ ಒಂದು ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿ. ಕಾರಿನ ಬಂಪರಿಗೆ ಇಷ್ಟೆಲ್ಲ ಯೋಚನೆ ಮಾಡುವ ನಾವು ಮಗುವಿಗೆ ಇದೊಂದನ್ನು ಮರೆತುಬಿಡುತ್ತೇವೆ, ನನಗೆ ಅದು ತುಂಬ ಸಂಕಟ ತರುತ್ತದೆ.

ಪ್ರಶ್ನೆ: 16 ವರ್ಷಕ್ಕೆ ಸ್ಕೂಟರ್ ಲೈಸೆನ್ಸ್ ಕೊಡ್ತಾರಂತೆ, ಮಗಳಿಗೆ ಮಾಡಿಸಿದ್ರೆ ಮನೆಯ ಸ್ಕೂಟರ್ ಓಡಿಸಬಹುದಾ? (ಬೇಲೂರು)

ಉತ್ತರ: ಆಗುವುದಿಲ್ಲ. ಆ ಲೈಸೆನ್ಸ್ 50 ಸಿಸಿವರೆಗಿನ ಗೇರಿಲ್ಲದ ಗಾಡಿಗೆ ಮಾತ್ರ. ನಿಮ್ಮ ಮನೆಯಲ್ಲಿರುವುದು 110 ಅಥವಾ 125 ಸಿಸಿ ಇರಬೇಕು, ಆರ್‌ಸಿ ನೋಡಿ. 250 ವಾಟ್ ಒಳಗಿನ, ಗಂಟೆಗೆ 25 ಕಿಲೋಮೀಟರ್ ಮೀರದ ಬ್ಯಾಟರಿ ಸ್ಕೂಟರ್ ಆದರೆ ಅದು ಮೋಟಾರು ವಾಹನದ ಲೆಕ್ಕಕ್ಕೇ ಬರುವುದಿಲ್ಲ, ಲೈಸೆನ್ಸ್ ಬೇಡ. ಹೆಲ್ಮೆಟ್ ಹಾಕಿಸಿ.

ಪ್ರಶ್ನೆ: ಆಂಟಿ, ನನಗೆ 18 ಆಗಿದೆ, ಎಲ್‌ಎಲ್ ಆಗಿದೆ. ಅಪ್ಪ ಕೀ ಕೊಡ್ತಿಲ್ಲ. ಎಲ್‌ಎಲ್‌ನಲ್ಲಿ ಓಡಿಸಿದ್ರೆ ಇನ್ಶೂರೆನ್ಸ್ ಬರಲ್ಲ, ಖರ್ಚು ಯಾರು ಕೊಡ್ತಾರೆ ಅಂತಾರೆ. ಕಮ್ಮಿ ಖರ್ಚಲ್ಲಿ ಅಪ್ಪನ್ನ ಒಪ್ಪಿಸೋದು ಹೇಗೆ? (ಹಾಸನ)

ಉತ್ತರ: ಅಪ್ಪನಿಗೆ ಇದನ್ನು ತೋರಿಸು ಪುಟ್ಟಾ. ಎಲ್‌ಎಲ್ ಇದ್ದವರು ಓಡಿಸಿದರೂ ಇನ್ಶೂರೆನ್ಸ್ ನಡೆಯುತ್ತದೆ, ಆದರೆ ನಿಯಮ ಪೂರ್ತಿ ಪಾಲಿಸಿರಬೇಕು. ಲೈಸೆನ್ಸ್ ಇದ್ದವರು ಪಕ್ಕದಲ್ಲೇ, ಬೇಕಾದಾಗ ಕಾರು ನಿಲ್ಲಿಸಲು ಕೈಗೆಟುಕುವ ಹಾಗೆ ಕೂತಿರಬೇಕು. ಕಾರಿನ ಮುಂದೆ ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್, ಬೋರ್ಡು ಕನಿಷ್ಠ 18 ಸೆಂಟಿಮೀಟರ್ ಚೌಕ ಇರಬೇಕು. ನೋಟ್‌ಬುಕ್ ಹಾಳೆಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆದು ಅಂಟಿಸಬೇಡ, ಮಳೆಗೆ ಅಳಿಸಿಹೋಗುತ್ತದೆ. ಎಲ್‌ಎಲ್ 6 ತಿಂಗಳು ಇರುತ್ತದೆ, 30 ದಿನ ಆದ ಮೇಲೆ ಟೆಸ್ಟಿಗೆ ಹೋಗಬಹುದು.

ಆದರೆ 30ನೇ ದಿನಕ್ಕೇ ಓಡಬೇಡ. ಮೊದಲನೇ ಪ್ರಶ್ನೆಯಲ್ಲಿ ಷಿಕಾಗೋ ಬಂತಲ್ಲ, ಆ ಊರಿರುವ ಇಲಿನಾಯ್ ರಾಜ್ಯದಲ್ಲಿ 18ರ ಒಳಗಿನ ಮಕ್ಕಳು ಲೈಸೆನ್ಸಿಗೆ ಮೊದಲು ದೊಡ್ಡವರ ಜೊತೆ 50 ಗಂಟೆ ಓಡಿಸಿ ಅಭ್ಯಾಸ ಮಾಡಬೇಕು, ಅದರಲ್ಲಿ 10 ಗಂಟೆ ರಾತ್ರಿ ಹೊತ್ತು. ನೀನೂ ಅಪ್ಪನ ಜೊತೆ ಅದೇ ಲೆಕ್ಕ ಮಾಡಿಕೋ. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಶುರು ಮಾಡು, ಆಮೇಲೆ ಸಂಜೆ ಎನ್‌ಆರ್ ವೃತ್ತ, ಆಮೇಲೆ ಬಿಎಂ ರಸ್ತೆಯಲ್ಲಿ ಬಸ್ಸುಗಳ ನಡುವೆ. ಒಂದು ಡೈರಿಯಲ್ಲಿ ಗಂಟೆ ಬರೆದಿಡು, ಅಪ್ಪನ ಸಹಿ ಹಾಕಿಸು. ಹಾಸನಾಂಬೆ ದರ್ಶನದ ದಿನಗಳಲ್ಲಿ ಊರೊಳಗೆ ಬೇಡ. ಶಿರಾಡಿ ಘಾಟಿ, ಮುಳ್ಳಯ್ಯನಗಿರಿ ರಸ್ತೆ ಲೈಸೆನ್ಸ್ ಬಂದು ಒಂದು ಮಳೆಗಾಲ ಕಳೆಯುವವರೆಗೆ ಬೇಡವೇ ಬೇಡ.

ಖರ್ಚಿಗೆ ಒಂದು ದಾರಿ ಇದೆ. 2022ರ ಜುಲೈಯಲ್ಲಿ ವಿಮಾ ಪ್ರಾಧಿಕಾರ ಹೊಸ ರೀತಿಯ ಓಡಿ ಪಾಲಿಸಿಗೆ ಒಪ್ಪಿಗೆ ಕೊಟ್ಟಿತು. ಕಾರು ಎಷ್ಟು ಕಿಲೋಮೀಟರ್ ಓಡುತ್ತದೆ, ಹೇಗೆ ಓಡಿಸುತ್ತಾರೆ ಅನ್ನುವುದನ್ನು ನೋಡಿ ಪ್ರೀಮಿಯಂ ಹಾಕುವಂಥದ್ದು. ನಿಮ್ಮ ಕಾರು ವಾರಕ್ಕೆರಡು ಸಲ ಮಾತ್ರ ಹೊರಗೆ ಬರುವುದಾದರೆ ರಿನ್ಯೂವಲ್ ಹೊತ್ತಿಗೆ ಎರಡು ಮೂರು ಕಂಪನಿಯಲ್ಲಿ ನೀನೇ ದರ ಕೇಳಿ, ಹೋಲಿಸಿ, ಒಂದು ಹಾಳೆಯಲ್ಲಿ ಬರೆದು ಅಪ್ಪನ ಮುಂದಿಡು. ಪಾಲಿಸಿ ಓದಲು ಬರುತ್ತದೆ ಅಂತ ಗೊತ್ತಾದರೆ ಅವರ ಅರ್ಧ ಭಯ ಹೋಗುತ್ತದೆ.

ಟೆಸ್ಟ್ ಪಾಸಾಗಿ ಲೈಸೆನ್ಸ್ ಕೈಗೆ ಬಂದ ದಿನ ನನಗೂ ಒಂದು ಸಾಲು ಬರೆ. ಡೈರಿಯಲ್ಲಿ ಎಷ್ಟು ಗಂಟೆ ಆಯಿತು ಅಂತಲೂ ಹಾಕು.